ಕವಾಟ ತಿರುಗಿಸುವ ವಿದ್ಯುತ್ ಕೈ: ಪಂಪ್‌ಹೌಸಿನಿಂದ ಅಣುಸ್ಥಾವರದವರೆಗೆ

ಕಳೆದ ಬೇಸಿಗೆಯ ಒಂದು ದಿನ, ಬೆಳಕು ಹರಿಯುವ ಮುನ್ನವೇ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೂರವಾಣಿ ಕರೆ ಬಂದಿತು. ಮಡಕಶಿರಾ ಸೀಮೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಐಟಿಐ ಓದಿ, ಈಗ ಕುಡಿಯುವ ನೀರಿನ ಯೋಜನೆಯೊಂದರ ಪಂಪ್‌ಹೌಸಿನಲ್ಲಿ ಗುತ್ತಿಗೆಯ ಮೇಲೆ ಆಪರೇಟರ್ ಆಗಿರುವ ಹುಡುಗ. "ಸಾರ್, ಓಪನ್ ಬಟನ್ ಒತ್ತಿದ್ರೆ ವಾಲ್ವು ಕ್ಲೋಸ್ ಕಡೆಗೇ ತಿರುಗ್ತು. ನಿಲ್ಲಲೇ ಇಲ್ಲ. ಸ್ಪಿಂಡಲ್ ಬಗ್ಗಿಹೋಗಿದೆ. ನಾನೇ ತಪ್ಪು ಬಟನ್ ಒತ್ತಿದೆ ಅಂತ ಬರೆದುಕೊಡು ಅಂತಾ ಇದ್ದಾರೆ" ಎಂದನು. ಬಗ್ಗಿದ್ದ ಆ ವಾಲ್ವಿನ ಬೆಲೆ ಅವನ ಹಲವು ತಿಂಗಳ ಸಂಬಳಕ್ಕಿಂತ ಹೆಚ್ಚಿನದು.

ನಾವು ಎಂಜಿನಿಯರುಗಳಲ್ಲ, ಬಿ.ಎಡ್. ಮಾಡಿ ಪಾಠ ಹೇಳುವವರು. ಏನನ್ನೂ ಬರೆದುಕೊಡಬೇಡವೆಂದು ಅವನಿಗೆ ಹೇಳಿ, ಆ ಯಂತ್ರ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಲು ಕುಳಿತೆವು. ನಮ್ಮ ಗಡಿ ತಾಲೂಕುಗಳ ಎಷ್ಟೋ ಮಕ್ಕಳು ಇಂದು ಪಂಪ್‌ಹೌಸುಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ, ಉಷ್ಣವಿದ್ಯುತ್ ಕೇಂದ್ರಗಳಲ್ಲಿ ಇದೇ ಯಂತ್ರದ ಮುಂದೆ ಪಾಳಿ ಕಳೆಯುತ್ತಿದ್ದಾರೆ. ಆದ್ದರಿಂದ ತಿಳಿದದ್ದನ್ನು ಓದುಗರೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ.

ಯಂತ್ರದ ಹೆಸರು ವಿದ್ಯುತ್ ಆಕ್ಚುಯೇಟರ್. ಹೆಸರು ಹೊಸದಾದರೂ ಕೆಲಸ ಹಳೆಯದು. ನಮ್ಮ ಕೆರೆಗಳ ತೂಬನ್ನು ನೆನೆಯಿರಿ. ನೀರಿನೊಳಗೆ ಎರಡು ಕಲ್ಲುಕಂಬ, ಅವುಗಳ ನಡುವಿನ ಅಡ್ಡಪಟ್ಟಿಯ ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಕೋಲು, ಅದರ ತುದಿಗೆ ತೂಬಿನ ಬಾಯನ್ನು ಮುಚ್ಚುವ ಗೂಟ. ನೀರುಗಂಟಿ ಈಜಿ ಹೋಗಿ ಕೋಲನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತಿ ಬರುತ್ತಿದ್ದನು. ಗೂಟ ಕವಾಟವಾದರೆ ನೀರುಗಂಟಿಯ ತೋಳೇ ಆಕ್ಚುಯೇಟರ್. ಗೂಟ ಕೂತಿತೋ ಇಲ್ಲವೋ ಎಂಬುದು ಅವನ ಕೈಗೆ ತಿಳಿಯುತ್ತಿತ್ತು. ಕಸ ಸಿಕ್ಕಿಕೊಂಡಿದ್ದರೂ ಕೈಯೇ ಹೇಳುತ್ತಿತ್ತು. ತೋಳಿನ ಬಲವನ್ನು ಮೋಟಾರಿಗೆ ಒಪ್ಪಿಸುವುದು ಸುಲಭ, ಆದರೆ ಆ ಕೈಯ ಅರಿವನ್ನು ಒಪ್ಪಿಸುವುದು ಕಷ್ಟ. ಈ ಯಂತ್ರದ ಕಥೆಯೆಲ್ಲ ಆ ಕಷ್ಟದಲ್ಲಿಯೇ ಇದೆ.

ಹೊರಗಿನಿಂದ ನೋಡಿದರೆ ಆಕ್ಚುಯೇಟರ್ ಎಂದರೆ ವಾಲ್ವಿನ ನೆತ್ತಿಯ ಮೇಲೆ ಕೂರಿಸಿದ ಒಂದು ಎರಕದ ಪೆಟ್ಟಿಗೆ. ಒಳಗೆ ಮೋಟಾರು. ಕಾರ್ಖಾನೆಗಳಲ್ಲಿ ಇದು ಸಾಮಾನ್ಯವಾಗಿ 415 ವೋಲ್ಟಿನ ಮೂರು ಫೇಸಿನದು. ಮೋಟಾರು ವೇಗವಾಗಿ, ಅಲ್ಪ ಬಲದಿಂದ ತಿರುಗುತ್ತದೆ. ವಾಲ್ವಿಗೆ ಬೇಕಾದದ್ದು ನಿಧಾನವಾದ, ಭಾರಿ ಬಲದ ತಿರುಗು. ನಡುವೆ ವರ್ಮ್ ಗೇರ್, ಅಂದರೆ ತಿರುಪಿನಂಥ ದಂಡವೊಂದು ಹಲ್ಲಿನ ಚಕ್ರವನ್ನು ನೂಕುತ್ತ ಹೋಗುವ ಏರ್ಪಾಡು. ಈ ಗೇರಿಗೊಂದು ವಿಶೇಷ ಗುಣವಿದೆ. ದಂಡ ಚಕ್ರವನ್ನು ತಿರುಗಿಸಬಲ್ಲದು. ಹಲ್ಲಿನ ಓರೆ ಕಡಿಮೆಯಿದ್ದರೆ ಚಕ್ರ ದಂಡವನ್ನು ತಿರುಗಿಸಲಾರದು. ಆದ್ದರಿಂದ ಕರೆಂಟು ಹೋದರೂ ನೀರಿನ ಒತ್ತಡಕ್ಕೆ ವಾಲ್ವು ತಾನಾಗಿ ತೆರೆದುಕೊಳ್ಳುವುದಿಲ್ಲ. ನಿಂತಲ್ಲಿ ನಿಲ್ಲುತ್ತದೆ. ಈ ಗುಣ ಕೆಲವೆಡೆ ವರವೂ ಕೆಲವೆಡೆ ಶಾಪವೂ ಆಗುವುದನ್ನು ಮುಂದೆ ನೋಡಲಿದ್ದೇವೆ.

ಎಲ್ಲ ವಾಲ್ವುಗಳಿಗೂ ಒಂದೇ ಬಗೆಯ ತಿರುಗು ಸಾಲದು. ಬಾಲ್ ವಾಲ್ವು, ಬಟರ್‌ಫ್ಲೈ ವಾಲ್ವುಗಳಿಗೆ ಕಾಲು ಸುತ್ತು, ಅಂದರೆ 90 ಡಿಗ್ರಿ ಸಾಕು. ಗೇಟ್ ವಾಲ್ವಿಗೆ ಅನೇಕ ಸುತ್ತುಗಳು ಬೇಕು. ಮಕ್ಕಳಿಗೆ ನಾವು ಹೇಳುವ ಲೆಕ್ಕವೇ ಇಲ್ಲಿಯೂ ಸಲ್ಲುತ್ತದೆ. 600 ಮಿ.ಮೀ. ವ್ಯಾಸದ ಗೇಟ್ ವಾಲ್ವಿನ ತಿರುಪು ಒಂದು ಸುತ್ತಿಗೆ 10 ಮಿ.ಮೀ. ಮೇಲೇರುವುದಾದರೆ ಪೂರ್ತಿ ತೆರೆಯಲು 60 ಸುತ್ತು ಬೇಕು. ಬಲ ಹೆಚ್ಚಿಸಲು ನಡುವೆ ನಾಲ್ಕಕ್ಕೊಂದರ ಗೇರ್ ಇಟ್ಟರೆ ಕೈಚಕ್ರವನ್ನು 240 ಸಲ ತಿರುಗಿಸಬೇಕು. ಇದನ್ನು ದಿನಕ್ಕೆ ನಾಲ್ಕು ಬಾರಿ ಮಾಡುವ ವಾಲ್ವ್‌ಮನ್‌ನ ಭುಜವನ್ನು ಕಂಡವರಿಗೆ ಮೋಟಾರು ಏಕೆ ಬಂದಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೈಯ ಅರಿವಿನ ಮಾತು. ಅದಕ್ಕಾಗಿ ಪೆಟ್ಟಿಗೆಯೊಳಗೆ ಎರಡು ಬಗೆಯ ಸ್ವಿಚ್ಚುಗಳಿವೆ. ಲಿಮಿಟ್ ಸ್ವಿಚ್ಚು ಸುತ್ತುಗಳನ್ನು ಎಣಿಸಿ, ಇಲ್ಲಿಗೆ ಪೂರ್ತಿ ತೆರೆಯಿತು, ಇಲ್ಲಿಗೆ ಪೂರ್ತಿ ಮುಚ್ಚಿತು ಎಂದು ಮೋಟಾರನ್ನು ನಿಲ್ಲಿಸುತ್ತದೆ. ಟಾರ್ಕ್ ಸ್ವಿಚ್ಚು ಬಲವನ್ನು ಅಳೆಯುತ್ತದೆ. ವಾಲ್ವು ಎಲ್ಲಿಯಾದರೂ ಸಿಕ್ಕಿಕೊಂಡರೆ ಮುಂದೆ ಹೋಗಲಾರದ ವರ್ಮ್ ದಂಡ ತಾನೇ ಹಿಂದಕ್ಕೆ ಸರಿದು, ಬೆನ್ನಿಗಿರುವ ಬಿಲ್ಲೆಯಾಕಾರದ ಸ್ಪ್ರಿಂಗುಗಳನ್ನು ಒತ್ತುತ್ತದೆ. ಎಷ್ಟು ಸರಿಯಿತೋ ಅದು ಬಲದ ಅಳತೆ. ಗೊತ್ತುಪಡಿಸಿದ ಮಿತಿ ದಾಟಿದೊಡನೆ ಸ್ವಿಚ್ಚು ಬಿದ್ದು ಮೋಟಾರು ನಿಲ್ಲುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಗೇರ್ ಕಾರ್ಖಾನೆಯೊಂದರಿಂದ ಬಂದ ಲಿಮಿಟಾರ್ಕ್ ಎಂಬ ಹೆಸರಾಂತ ಆಕ್ಚುಯೇಟರಿನ ಹೆಸರೇ 'ಟಾರ್ಕಿಗೆ ಮಿತಿ' ಎಂಬ ಅರ್ಥದ್ದು. ಮುಂದೆ ಇಂಗ್ಲೆಂಡಿನ ಬಾತ್ ನಗರದಲ್ಲಿ ಜೆರೆಮಿ ಫ್ರೈ ಎಂಬವರು 1957ರಲ್ಲಿ ರೋಟಾರ್ಕ್ ಕಂಪನಿಯನ್ನೂ, ಜರ್ಮನಿಯಲ್ಲಿ 1964ರಲ್ಲಿ ಇಬ್ಬರು ಸೇರಿ ಔಮಾ ಕಂಪನಿಯನ್ನೂ ಕಟ್ಟಿದರು. ಔಮಾದ ಭಾರತದ ಕಾರ್ಖಾನೆ ಇರುವುದು ಬೆಂಗಳೂರಿನಲ್ಲಿ; ಹೊಸೂರಿನ ನಮ್ಮವರಿಗೆ ಅದು ಬಸ್ಸಿನ ದಾರಿ.

ಬೆಣೆಯಂಥ ಬಾಗಿಲಿರುವ ಗೇಟ್ ವಾಲ್ವನ್ನು ಮುಚ್ಚುವಾಗ ಟಾರ್ಕ್ ಸ್ವಿಚ್ಚಿನ ಮಾತು ಕೇಳಬೇಕು, ಏಕೆಂದರೆ ಬೆಣೆ ಬಿಗಿಯಾಗಿ ಕೂರದಿದ್ದರೆ ನೀರು ಸೋರುತ್ತದೆ. ತೆರೆಯುವಾಗ ಲಿಮಿಟ್ ಸ್ವಿಚ್ಚಿನ ಮಾತು ಕೇಳಬೇಕು. ಇದರಲ್ಲೊಂದು ತೊಡಕಿದೆ. ಬಿಗಿಯಾಗಿ ಕೂತ ಬೆಣೆಯನ್ನು ಎಬ್ಬಿಸುವಾಗ ಮೊದಲ ಕ್ಷಣದಲ್ಲಿ ಮಿತಿ ಮೀರಿದ ಬಲ ಬೇಕಾಗುತ್ತದೆ. ಆಗ ಟಾರ್ಕ್ ಸ್ವಿಚ್ಚು ಬಿದ್ದುಬಿಟ್ಟರೆ ವಾಲ್ವು ತೆರೆಯುವುದೇ ಇಲ್ಲ. ಆದ್ದರಿಂದ ತೆರೆಯಲು ಆರಂಭಿಸುವ ಸ್ವಲ್ಪ ದೂರದವರೆಗೆ ಆ ಸ್ವಿಚ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಬೈಪಾಸ್ ಕೊಟ್ಟಿರುತ್ತಾರೆ. ಸಣ್ಣ ವಿವರದಂತೆ ತೋರುವ ಇದು ಒಮ್ಮೆ ಅಣುಸ್ಥಾವರವೊಂದನ್ನು ಅಪಾಯದ ಅಂಚಿಗೆ ತಂದಿತ್ತು. ಅದಕ್ಕೆ ಬರುವ ಮೊದಲು ನೀರಿನ ಕೆಲಸವನ್ನು ನೋಡೋಣ.

ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ಹಂತ ಹಂತವಾಗಿ ಎತ್ತಿ ಅನಂತಪುರದ ಕಡೆಗೆ ತರುವ ಹಂದ್ರಿ-ನೀವಾ ಯೋಜನೆಯನ್ನು ನಮ್ಮ ಸೀಮೆಯವರು ಬಲ್ಲರು. ಇಂಥ ಎತ್ತುವ ಯೋಜನೆಯಾಗಲಿ, ಊರಿಗೆ ಕುಡಿಯುವ ನೀರು ಕೊಡುವ ಯೋಜನೆಯಾಗಲಿ, ದೊಡ್ಡ ಪಂಪಿನ ಮುಂದೆ ಡೆಲಿವರಿ ವಾಲ್ವು ಇದ್ದೇ ಇರುತ್ತದೆ. ಸೆಂಟ್ರಿಫ್ಯೂಗಲ್ ಪಂಪನ್ನು ಸಾಮಾನ್ಯವಾಗಿ ವಾಲ್ವು ಮುಚ್ಚಿಕೊಂಡೇ ಚಾಲೂ ಮಾಡುತ್ತಾರೆ, ಹಾಗೆ ಮಾಡಿದರೆ ಮೋಟಾರಿನ ಮೇಲೆ ಹೊರೆ ಕಡಿಮೆ. ಪಂಪು ವೇಗ ಹಿಡಿದ ಮೇಲೆ ಆಕ್ಚುಯೇಟರ್ ವಾಲ್ವನ್ನು ನಿಧಾನವಾಗಿ ತೆರೆಯುತ್ತದೆ. ನಿಲ್ಲಿಸುವಾಗ ಮೊದಲು ವಾಲ್ವು ಮುಚ್ಚಬೇಕು, ಆಮೇಲೆ ಪಂಪು ನಿಲ್ಲಬೇಕು.

'ನಿಧಾನವಾಗಿ' ಎಂಬ ಮಾತಿಗೆ ಇಲ್ಲಿ ಬಹಳ ತೂಕವಿದೆ. ಉದ್ದನೆಯ ಕೊಳವೆಯಲ್ಲಿ ಓಡುತ್ತಿರುವ ನೀರು ಭಾರಿ ರೈಲಿದ್ದಂತೆ. ಥಟ್ಟನೆ ತಡೆದರೆ ಆ ವೇಗವೆಲ್ಲ ಒತ್ತಡವಾಗಿ ಮಾರ್ಪಟ್ಟು ಕೊಳವೆಯುದ್ದಕ್ಕೂ ಅಲೆಯಂತೆ ಓಡುತ್ತದೆ. ಇದೇ ವಾಟರ್ ಹ್ಯಾಮರ್. ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ 1898ರಲ್ಲಿ ಇದರ ಲೆಕ್ಕವನ್ನು ಹೇಳಿಕೊಟ್ಟವರು ನಿಕೊಲಾಯ್ ಝುಕೋವ್ಸ್ಕಿ. ಉಕ್ಕಿನ ಕೊಳವೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1000 ಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಇದ್ದು ಒಮ್ಮೆಲೇ ನಿಂತರೆ ಹೆಚ್ಚುವ ಒತ್ತಡ ಸುಮಾರು 15 ಬಾರ್. ಅಂದರೆ ಸುಮಾರು 150 ಮೀಟರ್ ಎತ್ತರದ ನೀರಿನ ಕಂಬವೊಂದು ಆ ಕ್ಷಣಕ್ಕೆ ಕೊಳವೆಯ ಮೇಲೆ ಹೆಚ್ಚುವರಿಯಾಗಿ ನಿಂತಂತೆ. ಕೊಳವೆ 10 ಕಿ.ಮೀ. ಉದ್ದವಿದ್ದರೆ ಅಲೆ ಹೋಗಿ ಬರಲು 20 ಸೆಕೆಂಡು ಬೇಕು. ಅಷ್ಟರೊಳಗೆ ಮುಚ್ಚಿದ ವಾಲ್ವು ಒಂದೇ ಕ್ಷಣದಲ್ಲಿ ಮುಚ್ಚಿದಂತೆಯೇ ಪೆಟ್ಟು ಕೊಡುತ್ತದೆ. ಮೇಲಾಗಿ ಗೇಟ್ ವಾಲ್ವು ಮುಕ್ಕಾಲು ಭಾಗ ಮುಚ್ಚುವವರೆಗೂ ನೀರಿನ ಹರಿವು ಅಷ್ಟಾಗಿ ತಗ್ಗದು, ನಿಜವಾದ ತಡೆ ಬೀಳುವುದು ಕೊನೆಯ ಪಾಲಿನಲ್ಲಿ. ಆದ್ದರಿಂದ ಉದ್ದನೆಯ ಕೊಳವೆಗಳ ಆಕ್ಚುಯೇಟರುಗಳು ಕೊನೆಯ ಪಾಲನ್ನು ಸ್ವಲ್ಪ ತಿರುಗಿ, ಸ್ವಲ್ಪ ನಿಂತು, ಮತ್ತೆ ಸ್ವಲ್ಪ ತಿರುಗಿ ದಾಟುವಂತೆ ಹೊಂದಿಸಿರುತ್ತಾರೆ. "ವಾಲ್ವು ತಡೆದು ತಡೆದು ತಿರುಗ್ತದೆ, ಕೆಟ್ಟಿದೆಯೇನೋ" ಎಂದು ಹೊಸ ಆಪರೇಟರುಗಳು ಗಾಬರಿಗೊಳ್ಳುವುದುಂಟು. ಅದು ಕೆಟ್ಟದ್ದಲ್ಲ, ಕಾದದ್ದು.

ಕರೆಂಟೇ ಹೋದರೆ? ಪಂಪು ತಟ್ಟನೆ ನಿಲ್ಲುತ್ತದೆ, ಆಕ್ಚುಯೇಟರಿಗೂ ಕರೆಂಟಿಲ್ಲ. ಆಗ ಕಾಯಬೇಕಾದದ್ದು ಕರೆಂಟಿನ ಹಂಗಿಲ್ಲದ ನಾನ್-ರಿಟರ್ನ್ ವಾಲ್ವು, ಸರ್ಜ್ ಟ್ಯಾಂಕು, ಗಾಳಿ ತುಂಬಿದ ಪಾತ್ರೆ ಇವೇ. ನಮ್ಮ ಊರುಗಳ ವಿದ್ಯುತ್ತಿನ ಸ್ಥಿತಿಯನ್ನು ಬಲ್ಲವರಾರೂ ಎಲ್ಲವನ್ನೂ ವಿದ್ಯುತ್ ಆಕ್ಚುಯೇಟರಿಗೇ ಒಪ್ಪಿಸಲಾರರು.

ರಾಯದುರ್ಗ, ಆದೋನಿಗಳಿಂದ ಬಳ್ಳಾರಿಯ ಕಡೆ ಕೆಲಸಕ್ಕೆ ಹೋಗುವವರು ನೋಡುವ ಆಕ್ಚುಯೇಟರುಗಳದು ಬೇರೆಯೇ ಲೋಕ. ಉಷ್ಣವಿದ್ಯುತ್ ಕೇಂದ್ರದಲ್ಲಿ ಇವು ನೂರಾರು. ಕುಡಿತಿನಿಯಲ್ಲಿರುವಂಥ 500 ಮೆಗಾವ್ಯಾಟ್ ಘಟಕದಲ್ಲಿ ಹಬೆಯ ಉಷ್ಣತೆ 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಅಲ್ಲಿ ಬಿಸಿಯಿರುವಾಗ ಬಿಗಿಯಾಗಿ ಮುಚ್ಚಿದ ಗೇಟ್ ವಾಲ್ವು ತಣ್ಣಗಾದಾಗ ದೇಹ ಕುಗ್ಗಿ ಬೆಣೆಯನ್ನು ಇಕ್ಕಳದಂತೆ ಹಿಡಿದುಬಿಡುವುದುಂಟು. ಮರುದಿನ ಎಷ್ಟು ಬಲ ಹಾಕಿದರೂ ಏಳದು. ಅದಕ್ಕಾಗಿಯೇ ಸ್ವಲ್ಪ ಬಾಗಬಲ್ಲ ಬೆಣೆಗಳನ್ನು, ಸಮಾನಾಂತರ ಫಲಕಗಳ ವಾಲ್ವುಗಳನ್ನು ಬಳಸುತ್ತಾರೆ.

ಅಲ್ಲಿ ಇನ್ನೊಂದು ವರ್ಗದ ಆಕ್ಚುಯೇಟರೂ ಇದೆ. ಬಾಯ್ಲರಿಗೆ ಹೋಗುವ ನೀರನ್ನೋ ಹಬೆಯನ್ನು ತಣಿಸುವ ನೀರಿನ ಸಿಂಚನವನ್ನೋ ಬಿಡುವಿಲ್ಲದೆ ಹೆಚ್ಚು ಕಡಿಮೆ ಮಾಡುತ್ತಿರುವಂಥದು. ಪೂರ್ತಿ ತೆರೆ, ಪೂರ್ತಿ ಮುಚ್ಚು ಎಂಬ ಆಜ್ಞೆಗಳು ಇದಕ್ಕಿಲ್ಲ. 37 ಪಾಲು ತೆರೆ, ಈಗ 39, ಈಗ 36 ಎಂಬ ಬಗೆಯವು. ಗಂಟೆಗೆ ನೂರಾರು ಬಾರಿ ಚಾಲೂ ಆಗಿ ನಿಲ್ಲುವ ಮೋಟಾರು ಇದಕ್ಕೆ ಬೇಕು. ದಿನಕ್ಕೆರಡು ಸಲ ತಿರುಗುವ ಪಂಪ್‌ಹೌಸಿನ ಆಕ್ಚುಯೇಟರನ್ನು ಇಲ್ಲಿ ಕೂರಿಸಿದರೆ ಬೇಗನೆ ಸುಟ್ಟುಹೋದೀತು. ಆಜ್ಞೆ ಬರುವುದು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ಪ್ರವಾಹದ ರೂಪದಲ್ಲಿ. 4 ಎಂದರೆ ಪೂರ್ತಿ ಮುಚ್ಚು, 20 ಎಂದರೆ ಪೂರ್ತಿ ತೆರೆ. ಸೊನ್ನೆಯಿಂದ ಏಕೆ ಆರಂಭಿಸಿಲ್ಲ ಎಂದು ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಸೊನ್ನೆಯೇ 'ಮುಚ್ಚು' ಆಗಿದ್ದರೆ, ತಂತಿ ತುಂಡಾದಾಗಲೂ ಯಂತ್ರ ಅದನ್ನು ಆಜ್ಞೆಯೆಂದೇ ತಿಳಿಯುತ್ತಿತ್ತು. ಈಗ ಸೊನ್ನೆ ಬಂದರೆ ಆಜ್ಞೆ ಬಂದಿಲ್ಲ, ತಂತಿ ಹೋಗಿದೆ ಎಂದು ಅದಕ್ಕೆ ಗೊತ್ತಾಗುತ್ತದೆ.

ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಹೊರಬರುವ ಅನಿಲದಲ್ಲಿ ಐದನೆಯ ಒಂದು ಪಾಲಿಗೂ ಮಿಕ್ಕಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಲವು ಉಸಿರುಗಳಲ್ಲೇ ಮನುಷ್ಯನನ್ನು ಕೆಡವುತ್ತದೆ. ಆ ಅನಿಲದ ಭಾರಿ ಕೊಳವೆಗಳನ್ನು ದುರಸ್ತಿಗಾಗಿ ಬೇರ್ಪಡಿಸಲು ಗಾಗಲ್ ವಾಲ್ವುಗಳಿವೆ. ಕನ್ನಡಕದಂತೆ ಎರಡು ಕಣ್ಣುಗಳ ಉಕ್ಕಿನ ಫಲಕ, ಒಂದು ಕಣ್ಣು ತೂತು, ಇನ್ನೊಂದು ಗಟ್ಟಿ. ಕೊಳವೆಯ ಜೋಡಣೆಯನ್ನು ತುಸು ಸಡಿಲಿಸಿ, ಫಲಕವನ್ನು ಸರಿಸಿ, ಗಟ್ಟಿ ಕಣ್ಣನ್ನು ಅಡ್ಡ ತಂದು ಮತ್ತೆ ಬಿಗಿಯುತ್ತಾರೆ. ಸಡಿಲಿಸಿದ ಆ ಹೊತ್ತಿನಲ್ಲಿ ಅನಿಲ ಹೊರಗೆ ಬರುವುದುಂಟು. ಅಲ್ಲಿ ಮನುಷ್ಯ ನಿಲ್ಲಬಾರದು ಎಂಬ ಒಂದೇ ಕಾರಣಕ್ಕೆ ಆ ಫಲಕವನ್ನು ಮೋಟಾರಿನಿಂದ, ದೂರದಿಂದ ಸರಿಸುತ್ತಾರೆ.

ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ, ಔಷಧ ತಯಾರಿಕೆ, ಒಳಚರಂಡಿ ನೀರಿನ ಶುದ್ಧೀಕರಣ, ದೊಡ್ಡ ಕಟ್ಟಡಗಳ ಹವಾನಿಯಂತ್ರಣ ಇವೆಲ್ಲದರಲ್ಲಿಯೂ ಆಕ್ಚುಯೇಟರುಗಳಿವೆ. ಗಾತ್ರ, ಹೊದಿಕೆ ಬೇರೆ, ತತ್ತ್ವ ಒಂದೇ. ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ತೈಲದ ಸಂಗ್ರಹಾಗಾರಗಳ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು.

ಪೆಟ್ರೋಲಿನ ಆವಿ ಇರುವೆಡೆ ಮೋಟಾರಿನ ಒಂದು ಕಿಡಿ ಸಾಕು. ಅದಕ್ಕಾಗಿ ಅಲ್ಲಿನ ಆಕ್ಚುಯೇಟರಿಗೆ ಫ್ಲೇಮ್‌ಪ್ರೂಫ್ ಹೊದಿಕೆ ಇರುತ್ತದೆ. ಆವಿ ಒಳಗೆ ಹೋಗದಂತೆ ಅದನ್ನು ಮುಚ್ಚಿರುತ್ತಾರೆಂದು ಹಲವರು ತಿಳಿದಿದ್ದಾರೆ. ವಾಸ್ತವ ಬೇರೆ. ಆವಿ ಒಳಗೆ ಹೋಗಿಯೇ ಹೋಗುತ್ತದೆ, ಕಿಡಿ ತಗುಲಿ ಒಳಗೇ ಸಿಡಿಯಲೂ ಬಹುದು ಎಂದು ಒಪ್ಪಿಕೊಂಡೇ ಆ ಪೆಟ್ಟಿಗೆಯನ್ನು ಕಟ್ಟುತ್ತಾರೆ. ಗೋಡೆ ಆ ಸಿಡಿತವನ್ನು ತಾಳುವಷ್ಟು ದಪ್ಪ. ಮುಚ್ಚಳದ ಅಂಚಿನ ಸಂದು ಎಷ್ಟು ಕಿರಿದೂ ಉದ್ದವೂ ಎಂದರೆ, ಅದರ ಮೂಲಕ ಹೊರಬರುವ ಬೆಂಕಿ ದಾರಿಯಲ್ಲೇ ತಣಿದು ಹೊರಗಿನ ಆವಿಗೆ ತಗುಲದು. ಆ ಅಂಚಿಗೆ ಗೀರು ಬಿದ್ದರೆ, ಒಂದು ಬೋಲ್ಟು ಕಡಿಮೆಯಾದರೆ ಕಾಪು ಹೋಯಿತು. ರಿಪೇರಿ ಮುಗಿಸಿ ನಾಲ್ಕು ಬೋಲ್ಟುಗಳ ಜಾಗದಲ್ಲಿ ಮೂರನ್ನು ಬಿಗಿದು ಬರುವ ಚಾಳಿ ನಮ್ಮಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಯಿತು.

2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿರುವ ಇಂಡಿಯನ್ ಆಯಿಲ್ ಸಂಗ್ರಹಾಗಾರದಲ್ಲಿ ಪೆಟ್ರೋಲನ್ನು ಬೇರೆಡೆಗೆ ಕಳುಹಿಸಲು ಕೊಳವೆಗಳನ್ನು ಹೊಂದಿಸುತ್ತಿದ್ದರು. ಟ್ಯಾಂಕಿನ ಮೋಟಾರು ವಾಲ್ವು ತೆರೆದಿತ್ತು, ಅದರ ಮುಂದಿನ ಹ್ಯಾಮರ್ ಬ್ಲೈಂಡ್ ಎಂಬ ಜೋಡಣೆಯ ಬಾಯಿಯೂ ತೆರೆದಿತ್ತು. ಪೆಟ್ರೋಲು ಕಾರಂಜಿಯಂತೆ ಚಿಮ್ಮಿತು. ಹತ್ತಿರವಿದ್ದವರು ಆವಿಗೆ ಕುಸಿದರು, ನೆರವಿಗೆ ಹೋದವರಿಗೂ ವಾಲ್ವನ್ನು ತಲುಪಲಾಗಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಕುಳಿತೇ ಅದನ್ನು ಮುಚ್ಚುವ ಏರ್ಪಾಡು ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಒಂದು ಗಂಟೆಗೂ ಮೀರಿ ಸೋರಿದ ಪೆಟ್ರೋಲಿನ ಆವಿ ಕೊನೆಗೆ ಸಿಡಿಯಿತು. ಹನ್ನೊಂದು ಜನ ಸತ್ತರು. ಟ್ಯಾಂಕುಗಳು ದಿನಗಟ್ಟಲೆ ಉರಿದವು. ಎಂ.ಬಿ. ಲಾಲ್ ಅವರ ಅಧ್ಯಕ್ಷತೆಯ ತನಿಖಾ ಸಮಿತಿ, ಇಂಥ ವಾಲ್ವುಗಳನ್ನು ದೂರದಿಂದಲೇ ಮುಚ್ಚುವ ವ್ಯವಸ್ಥೆ ಇರಬೇಕೆಂದು ಶಿಫಾರಸು ಮಾಡಿತು. ಮೋಟಾರು ಇತ್ತು, ವಾಲ್ವೂ ಇತ್ತು. ಅವೆರಡಕ್ಕೂ ಮನುಷ್ಯನಿಗೂ ನಡುವಣ ತಂತಿಯಷ್ಟೇ ಸತ್ತಿತ್ತು.

ಅಣುಸ್ಥಾವರಗಳ ಮೂರು ಪ್ರಸಂಗಗಳನ್ನು ಇದಕ್ಕೆ ಸೇರಿಸಿ ಓದಬೇಕು.

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಒತ್ತಡ ಇಳಿಸುವ ವಾಲ್ವೊಂದು ತೆರೆದು ಹಾಗೆಯೇ ಸಿಕ್ಕಿಕೊಂಡಿತು. ಅದನ್ನು ನಡೆಸುತ್ತಿದ್ದುದು ಮೋಟಾರಲ್ಲ, ವಿದ್ಯುತ್ ಸುರುಳಿ. ಪಾಠ ಮಾತ್ರ ಎರಡಕ್ಕೂ ಒಂದೇ. ನಿಯಂತ್ರಣ ಕೊಠಡಿಯ ದೀಪ ಆರಿತ್ತು, ಆಪರೇಟರುಗಳು ವಾಲ್ವು ಮುಚ್ಚಿದೆಯೆಂದು ತಿಳಿದರು. ಆ ದೀಪ ಹೇಳುತ್ತಿದ್ದುದು ಸುರುಳಿಗೆ ಕರೆಂಟು ನಿಂತಿದೆ ಎಂಬುದನ್ನು, ಅಂದರೆ ಮುಚ್ಚುವ ಆಜ್ಞೆ ಹೋಗಿದೆ ಎಂಬುದನ್ನು ಮಾತ್ರ. ವಾಲ್ವು ಎಲ್ಲಿ ನಿಂತಿದೆಯೆಂದು ಅದಕ್ಕೆ ಗೊತ್ತಿರಲಿಲ್ಲ. ಎರಡು ಗಂಟೆಗೂ ಮೀರಿ ನೀರು ಸೋರಿಹೋಯಿತು. 6 ಗಂಟೆ 22 ನಿಮಿಷಕ್ಕೆ ಅದರ ಹಿಂದಿದ್ದ ಮೋಟಾರು ಚಾಲಿತ ಬ್ಲಾಕ್ ವಾಲ್ವನ್ನು ಮುಚ್ಚಿದಾಗಲೇ ಸೋರಿಕೆ ನಿಂತದ್ದು. ಅಷ್ಟರಲ್ಲಿ ಒಡಲಿನ ಇಂಧನಕ್ಕೆ ಹಾನಿಯಾಗತೊಡಗಿತ್ತು. ಆಪರೇಟರುಗಳು ತಪ್ಪಿದ್ದು ನಿಜ. ಆದರೆ ಕೆಮೆನಿ ಆಯೋಗ ಅಲ್ಲಿಗೇ ನಿಲ್ಲದೆ, ಅವರಿಗೆ ಸಿಕ್ಕ ತರಬೇತಿ, ಬರೆದಿಟ್ಟ ಕಾರ್ಯವಿಧಾನ, ನಿಯಂತ್ರಣ ಕೊಠಡಿಯ ರಚನೆ ಇವುಗಳನ್ನೂ ಹೊಣೆಯಾಗಿಸಿತು.

1985ರ ಜೂನ್ 9ರಂದು ಒಹಾಯೊದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಆಪರೇಟರೊಬ್ಬ ನಿಜವಾಗಿಯೂ ತಪ್ಪು ಬಟನುಗಳನ್ನು ಒತ್ತಿದ್ದನು. ಹಬೆಯ ಜನರೇಟರುಗಳಿಗೆ ಹೋಗುವ ತುರ್ತು ನೀರಿನ ವಾಲ್ವುಗಳು ಮುಚ್ಚಿಕೊಂಡವು. ಬಟನಿನ ತಪ್ಪನ್ನು ಒಡನೆಯೇ ಸರಿಪಡಿಸಿದರು. ಆದರೆ ವಾಲ್ವುಗಳು ಮತ್ತೆ ತೆರೆಯಲಿಲ್ಲ. ಮೇಲೆ ಹೇಳಿದ ಟಾರ್ಕ್ ಸ್ವಿಚ್ಚಿನ ಬೈಪಾಸ್ ತೀರಾ ಗಿಡ್ಡವಾಗಿ ಹೊಂದಿಸಲ್ಪಟ್ಟಿದ್ದು, ನೀರಿನ ಪೂರ್ಣ ಒತ್ತಡದೆದುರು ಬಾಗಿಲು ಏಳುವ ಮೊದಲೇ ಸ್ವಿಚ್ಚು ಬಿದ್ದು ಮೋಟಾರು ನಿಂತುಬಿಡುತ್ತಿತ್ತು. ಸಿಬ್ಬಂದಿ ಓಡಿಹೋಗಿ ಕೈಯಿಂದ ತೆರೆದರು. ಪರೀಕ್ಷೆಯಲ್ಲಿ ಸರಿಯಾಗಿ ತಿರುಗಿದ ವಾಲ್ವು ಪೂರ್ಣ ಒತ್ತಡದಲ್ಲಿಯೂ ತಿರುಗೀತೆಂಬ ಭರವಸೆಯಿಲ್ಲ ಎಂದು ಆಗ ಅರಿವಾಯಿತು. ಅದರಿಂದಾಗಿ 1989ರಲ್ಲಿ ಅಮೆರಿಕದ ಅಣು ನಿಯಂತ್ರಣ ಆಯೋಗ, ಸುರಕ್ಷತೆಗೆ ಸಂಬಂಧಿಸಿದ ಮೋಟಾರು ವಾಲ್ವುಗಳನ್ನೆಲ್ಲ ನಿಜವಾದ ಹೊರೆಯ ಲೆಕ್ಕದಲ್ಲಿ ಮರುಪರಿಶೀಲಿಸುವಂತೆ ಎಲ್ಲ ಸ್ಥಾವರಗಳಿಗೂ ಬರೆಯಿತು.

ಮೂರನೆಯದು ಫುಕುಶಿಮಾ. 2011ರ ಮಾರ್ಚ್ 11ರಂದು ಭೂಕಂಪವಾದೊಡನೆ ಒಂದನೆಯ ಘಟಕದ ಐಸೊಲೇಶನ್ ಕಂಡೆನ್ಸರ್ ತಾನಾಗಿ ಚಾಲೂ ಆಯಿತು. ಪಂಪಿಲ್ಲದೆ ಒಡಲನ್ನು ತಣಿಸುವ ಸಾಧನ ಅದು. ತೀರಾ ಬೇಗ ತಣಿಯಬಾರದೆಂದು ಆಪರೇಟರುಗಳು ಅದರ ಮೋಟಾರು ವಾಲ್ವನ್ನು ತೆರೆದು ಮುಚ್ಚುತ್ತಿದ್ದರು. ಸುನಾಮಿಯ ನೀರು ನುಗ್ಗಿ ಕರೆಂಟೆಲ್ಲ ಹೋದ ಹೊತ್ತಿಗೆ ವಾಲ್ವು ಮುಚ್ಚಿದ ಸ್ಥಿತಿಯಲ್ಲಿತ್ತು. ನಿಂತಲ್ಲಿ ನಿಲ್ಲುವ ಗುಣ ಅಲ್ಲಿ ಶಾಪವಾಯಿತು. ದೀಪಗಳೂ ಆರಿದ್ದರಿಂದ ಅದು ಎಲ್ಲಿ ನಿಂತಿದೆಯೆಂದೂ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಒತ್ತಡವನ್ನು ಹೊರಬಿಡಲು ಸಿಬ್ಬಂದಿಯ ತಂಡವೊಂದು ಕತ್ತಲೆಯಲ್ಲಿ, ವಿಕಿರಣದ ನಡುವೆ ಒಳಗೆ ಹೋಗಿ ಮೋಟಾರು ವಾಲ್ವೊಂದನ್ನು ಕೈಚಕ್ರದಿಂದಲೇ 25 ಪಾಲು ತೆರೆದು ಬಂದಿತು. ಗಾಳಿಯಿಂದ ನಡೆಯುವ ಇನ್ನೊಂದು ವಾಲ್ವಿನ ಕಡೆಗೆ ಹೊರಟ ಎರಡನೆಯ ತಂಡ ವಿಕಿರಣ ಹೆಚ್ಚಿದ್ದರಿಂದ ಅರ್ಧದಲ್ಲೇ ಹಿಂದಿರುಗಬೇಕಾಯಿತು.

ಕೈಚಕ್ರ ಎಲ್ಲ ಆಕ್ಚುಯೇಟರಿಗೂ ಇರುವುದು ಇದಕ್ಕಾಗಿ. ಪಕ್ಕದ ಲಿವರನ್ನು ಒತ್ತಿದರೆ ಮೋಟಾರು ಬೇರ್ಪಟ್ಟು ಚಕ್ರ ಹತ್ತಿಕೊಳ್ಳುತ್ತದೆ. ಮತ್ತೆ ಕರೆಂಟು ಬಂದು ಮೋಟಾರು ತಿರುಗಿದರೆ ಚಕ್ರ ತಾನಾಗಿ ಬಿಟ್ಟುಕೊಳ್ಳುತ್ತದೆ, ತಿರುಗಿಸುವವನ ಕೈಗೆ ಏಟಾಗದು. ಕೈಗೆ ಸಿಗದೆಡೆ, ಕರೆಂಟು ಹೋದಾಗ ಮುಚ್ಚಲೇಬೇಕಾದೆಡೆ, ಸ್ಪ್ರಿಂಗನ್ನೋ ಬ್ಯಾಟರಿಯನ್ನೋ ಒಳಗಿರಿಸಿದ ಆಕ್ಚುಯೇಟರುಗಳನ್ನು ಬಳಸುತ್ತಾರೆ. ಕರೆಂಟು ಹೋದರೆ ಈ ವಾಲ್ವು ತೆರೆದಿರಬೇಕೇ, ಮುಚ್ಚಿರಬೇಕೇ, ಇದ್ದಂತೆ ಇರಬೇಕೇ? ಕೊಳ್ಳುವ ಮೊದಲು ಪ್ರತಿಯೊಂದು ವಾಲ್ವಿಗೂ ಕೇಳಬೇಕಾದ ಪ್ರಶ್ನೆಯಿದು. ಟೆಂಡರಿನ ಹಾಳೆಗಳಲ್ಲಿ ಬೆಲೆಯ ಕಲಮಿಗೆ ಸಿಗುವ ಗಮನ ಇದಕ್ಕೆ ಸಿಗುವುದಿಲ್ಲವೆಂಬುದು ನಮ್ಮ ಅನಿಸಿಕೆ.

ಮೋಟಾರು ಸರಿಯಿದ್ದರೂ ನಡುವಣ ಕೊಂಡಿ ಸರಿಯಿರಬೇಕೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅದು ಕೊಳವೆಯ ಕವಾಟವಲ್ಲ, ಚೈನಿನಿಂದ ತೂಗುವ ಬಾಗಿಲು; ಆದರೂ ಮೇಲಿನ ಕಾಲುವೆ, ಕೆಳಗಿನ ಕಾಲುವೆಗಳ ನೀರನ್ನೇ ನಂಬಿದ ರಾಯದುರ್ಗ, ಆದೋನಿಗಳ ರೈತರು ಆ ವಾರ ನಿದ್ದೆಗೆಟ್ಟದ್ದನ್ನು ನಾವು ಕಂಡಿದ್ದೇವೆ.

ಇನ್ನು ನಮ್ಮ ಹುಡುಗನ ವಿಷಯ. ಮೂರು ಫೇಸಿನ ಮೋಟಾರಿನ ಯಾವುದೇ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಹಿಂದಿನ ದಿನ ಆ ಆಕ್ಚುಯೇಟರಿನ ಕೇಬಲನ್ನು ಬಿಚ್ಚಿ ಹೊಸದನ್ನು ಜೋಡಿಸಿದ್ದರು. ಮೋಟಾರು ಹೀಗೆ ಹಿಮ್ಮುಖವಾದಾಗ ಕಾಪಿನ ಸ್ವಿಚ್ಚುಗಳೂ ನಿಷ್ಪ್ರಯೋಜಕವಾಗುತ್ತವೆ. ಓಪನ್ ಬಟನಿನ ಸರ್ಕ್ಯೂಟು ಕಾಯುವುದು ತೆರೆಯುವ ಕಡೆಯ ಸ್ವಿಚ್ಚುಗಳನ್ನು. ವಾಲ್ವು ಹೋಗುತ್ತಿರುವುದೋ ಮುಚ್ಚುವ ಕಡೆಗೆ. ಅಲ್ಲಿನ ಸ್ವಿಚ್ಚು ಬಿದ್ದರೂ ಅದು ಕಡಿಯುವುದು ಕ್ಲೋಸ್ ಸರ್ಕ್ಯೂಟನ್ನು. ಆದ್ದರಿಂದಲೇ ಯಂತ್ರ ನಿಲ್ಲದೆ ಬೆಣೆಯನ್ನು ಒತ್ತಿ ಒತ್ತಿ ಸ್ಪಿಂಡಲನ್ನು ಬಗ್ಗಿಸಿತು. ಈಗಿನ ಹಲವು ಆಕ್ಚುಯೇಟರುಗಳು ಫೇಸಿನ ಕ್ರಮವನ್ನು ತಾವೇ ಗುರುತಿಸಿ ಸರಿಪಡಿಸಿಕೊಳ್ಳುತ್ತವೆ. ಇದು ಹಳೆಯದು.

ನಾವು ಅವನೊಡನೆ ಪಂಪ್‌ಹೌಸಿಗೆ ಹೋಗಿ, ಅಲ್ಲಿನ ಅಧಿಕಾರಿಗಳ ಮುಂದೆ ಹಾಳೆಯ ಮೇಲೆ ಆ ಸರ್ಕ್ಯೂಟನ್ನು ಬರೆದು ತೋರಿಸಿದೆವು. ವಾಲ್ವು ಮೊದಲೇ ಪೂರ್ತಿ ಮುಚ್ಚಿತ್ತೆಂದು ಅವರ ಲಾಗ್ ಪುಸ್ತಕದಲ್ಲಿಯೇ ಇತ್ತು. ಮುಚ್ಚಿದ ವಾಲ್ವಿನಲ್ಲಿ ಕ್ಲೋಸ್ ಸರ್ಕ್ಯೂಟು ಕಡಿದೇ ಇರುತ್ತದೆ. ಅವನು ಕ್ಲೋಸ್ ಬಟನನ್ನು ಒತ್ತಿದ್ದರೆ ಮೋಟಾರು ಅಲುಗುತ್ತಲೇ ಇರಲಿಲ್ಲ. ಸ್ಪಿಂಡಲ್ ಬಗ್ಗಿದೆಯೆಂಬುದೇ ಅವನು ಓಪನ್ ಒತ್ತಿದ್ದನೆಂಬುದಕ್ಕೆ ಸಾಕ್ಷಿ. ಎಲೆಕ್ಟ್ರಿಷಿಯನ್ ಮುಚ್ಚಳ ಬಿಚ್ಚಿ ತಂತಿಗಳನ್ನು ನೋಡಿದನು, ಎರಡು ಅದಲುಬದಲಾಗಿದ್ದವು. ಸಂಬಳ ಹಿಡಿಯುವ ಮಾತು ಅಲ್ಲಿಗೆ ನಿಂತಿತು.

ಕೇಬಲ್ ಜೋಡಿಸಿದ ಮೇಲೆ ಮಾಡಬೇಕಾದದ್ದು ಇಷ್ಟೇ. ಮೊದಲು ಕೈಚಕ್ರದಿಂದ ವಾಲ್ವನ್ನು ನಡುವೆ ತಂದು ನಿಲ್ಲಿಸಬೇಕು, ಆಮೇಲೆ ಓಪನ್ ಬಟನನ್ನು ಕ್ಷಣಮಾತ್ರ ಒತ್ತಿ ಬಿಟ್ಟು ಸ್ಪಿಂಡಲ್ ಯಾವ ಕಡೆಗೆ ಹೋಯಿತೆಂದು ನೋಡಬೇಕು. ತಪ್ಪು ಕಡೆಗೆ ಹೋದರೆ ಎರಡೂ ತುದಿಗಳಿಂದ ದೂರವಿರುವುದರಿಂದ ಹಾನಿಯಾಗದು. ಹೊಸ ವಾಲ್ವು ಬಂದ ಮೇಲೆ ಹುಡುಗ ಇದನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾನೆ. ಮೇಲೆ ತೆಲುಗಿನಲ್ಲಿ, ಕೆಳಗೆ ಕನ್ನಡದಲ್ಲಿ.